ಹೆಸರು ಬರೆಯದ ಎಣ್ಣೆ ಸೀಸೆ

ನಮ್ಮ ಗಾಡಿಯ ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಇಂಜಿನ್ನಿನ ಅಳತೆ ಕಡ್ಡಿ ಎಳೆದು, ಅದರ ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜುತ್ತಿದ್ದರು. ಆಮೇಲೆ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಅಷ್ಟು ಹೊತ್ತೂ ಅವರು ಗಾಡಿಯ ಕಡೆ ನೋಡುತ್ತಲೇ ಇರಲಿಲ್ಲ. ಗಾಡಿ ತಂದವರ ಮುಖ ನೋಡುತ್ತಿದ್ದರು. ಬಾಣಂತಿಯ ಕೋಣೆಯಿಂದ ಹೊರಗೆ ಬಂದ ಸೂಲಗಿತ್ತಿ ಸುದ್ದಿ ಹೇಳುವ ಮೊದಲು ಹೊರಗೆ ನಿಂತವರನ್ನು ಒಂದು ಸಲ ನೋಡುತ್ತಾಳಲ್ಲ, ಹಾಗೆ.

ಉಜ್ಜಿ ಮುಗಿದ ಮೇಲೆ ಅವರ ಬಾಯಲ್ಲಿ ಬರುತ್ತಿದ್ದುದು ಎರಡೇ ಮಾತು. ಎಣ್ಣೆ ಸರಿಯಿದ್ದರೆ, “ಹೋಗಿ ಬನ್ನಿ.” ಇಲ್ಲದಿದ್ದರೆ, “ಇವತ್ತೇ.” ಇವೆರಡರ ನಡುವೆ ಇನ್ನೊಂದು ಮಾತನ್ನು ಹತ್ತು ವರ್ಷದಲ್ಲಿ ನಾನು ಕೇಳಲಿಲ್ಲ. “ಪರವಾಗಿಲ್ಲ, ಆಮೇಲೆ ನೋಡೋಣ” ಎಂದು ಯಾವ ಮೆಕ್ಯಾನಿಕ್ಕಾದರೂ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾನೆ. ಇವರು ಹೇಳುತ್ತಿರಲಿಲ್ಲ. ಬೇರೆ ಯಾರಾದರೂ ಅವರೆದುರು ಹೇಳಿದರೆ ಮುಖ ತಿರುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು.

ಕಳೆದ ತಿಂಗಳು ಅವರು ಹೋಗಿಬಿಟ್ಟರು. ಬೆಳಿಗ್ಗೆ ಹಲ್ಲುಜ್ಜುತ್ತಾ ಎದೆ ಹಿಡಿದುಕೊಂಡು ಕುಳಿತರಂತೆ, ಅಷ್ಟೆ. ಮೂರು ದಿನ ಶಟರ್ ಮುಚ್ಚಿರುವುದನ್ನು ನೋಡಿ ಎದುರಿನ ಎಳನೀರಿನವಳನ್ನು ಕೇಳಿದಾಗ ನನಗೆ ಗೊತ್ತಾಯಿತು.

ಗಣಪತಿ ಎಂಬ ಬಡಾವಣೆಯ ಒಂದು ಗಲ್ಲಿಯಲ್ಲಿ, ಎರಡು ಪಂಪ್ ವರ್ಕ್‌ಶಾಪುಗಳ ನಡುವೆ ಅವರ ಶೆಡ್ಡು. ಒಬ್ಬರೇ ದುಡಿಯುತ್ತಿದ್ದರು. ಹಳೆಯ ಪುಟ್ಟ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹೊಸದರಲ್ಲಿ ನಾನು ಅಲ್ಲಿಗೆ ಮೊದಲ ಸಲ ಹೋದದ್ದು. ನಲವತ್ತೈದು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು, ಮನೆಯಿಂದ ನಮ್ಮ ಮಗ್ಗದ ಶೆಡ್ಡಿಗೆ, ಅಲ್ಲಿಂದ ಮಾರ್ಕೆಟ್ಟಿಗೆ, ಅಷ್ಟೇ ನನ್ನ ಸೀಮೆ. ಹೋದಾಗ ಅವರು ಯಾವುದೋ ಗಾಡಿಯ ಕೆಳಗೆ ಮಲಗಿ ತುಕ್ಕು ಹಿಡಿದ ನಟ್ಟೊಂದಕ್ಕೆ ಬೈಯುತ್ತಿದ್ದರು: “ಬಾರೋ ಮಗನೇ, ಬಾ. ನಿಮ್ಮಪ್ಪ ಕರೀತಾನೆ, ಬರಲ್ವಾ?”

ಕನ್ನಡ! ಬೀದಿಯಲ್ಲಿ, ಕೆಲಸದಲ್ಲಿ, ಎಲ್ಲೆಲ್ಲೂ ತಮಿಳೇ ಆಡುವ ಈ ಊರಲ್ಲಿ ನಮ್ಮ ಮಾತು ಅಡುಗೆಮನೆ ದಾಟಿ ಹೊರಗೆ ಬರುವುದು ಅಪರೂಪ. ನಕ್ಕುಬಿಟ್ಟೆ. ಗಾಡಿ ಕೆಳಗಿನಿಂದ ತಲೆ ಹೊರಬಂತು.

“ಅಮ್ಮಿಣಿ ನಮ್ಮ ಮಾತಾ?”

“ಹೂಂ ಅಣ್ಣ, ನಾವು ನೇಯೋರು.”

“ನಾವು ತೊಂಡಾಮುತ್ತೂರು ಕಡೆ ತೋಟದೋರು. ನಾಲ್ಕು ತಲೆಮಾರು ಆಯ್ತು. ಕನ್ನಡದಲ್ಲಿ ಬೈದ್ರೇನೇ ನಟ್ಟು ಬರೋದು ನೋಡಿ. ತಮಿಳಲ್ಲಿ ಬೈದ್ರೆ ಅದೂ ತಿರುಗಿ ಬೈತದೆ.”

ಈ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಹಾಗೆ, ಅವತ್ತಿನಿಂದ ನಾನು ಅವರಿಗೆ ಅಮ್ಮಿಣಿ. ಅವರು ನನಗೆ ಅಣ್ಣ.

ಶೆಡ್ಡಿನ ಒಳಗೋಡೆಯ ತುಂಬ ಹಲಗೆ ಹೊಡೆದು, ಅದರ ಮೇಲೆ ಔಷಧಿಯ ಸಣ್ಣ ಗಾಜಿನ ಸೀಸೆಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿ ಗಾಡಿಯಿಂದ ಇಳಿಸಿದ ಹಳೇ ಎಣ್ಣೆಯಲ್ಲಿ ಒಂದೊಂದು ಸೀಸೆ ಹಿಡಿದಿಟ್ಟು, ಗಾಡಿಯ ನಂಬರು, ದಿನ ಬರೆದು ಅಂಟಿಸುವುದು ಅವರ ಪದ್ಧತಿ. ಮುಂದಿನ ಸಲ ಬಂದಾಗ ಹಳೆಯದನ್ನೂ ಹೊಸದನ್ನೂ ಬಿಸಿಲಿಗೆ ಹಿಡಿದು ತೋರಿಸುತ್ತಿದ್ದರು. ಜೇನಿನ ಬಣ್ಣದವು, ಚಹಾ ಬಣ್ಣದವು, ಕಾಡಿಗೆಯ ಬಣ್ಣದವು. ನಮ್ಮ ಯಜಮಾನರು ಮೊದಲ ಸಲ ನೋಡಿದಾಗ, “ಏನಣ್ಣಾ, ಬ್ಲಡ್ ಟೆಸ್ಟ್ ಲ್ಯಾಬಾ?” ಎಂದರು. ಅವರು ನಗಲಿಲ್ಲ. “ಬ್ಲಡ್ಡೇ ಇದು” ಎಂದರು.

ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನನಗೆ ಅಕ್ಷರ ಕಲಿಸಿದ್ದು ನಮ್ಮ ತಾತ ಎಂದು ತಿಳಿದ ಮೇಲೆ ನನ್ನ ಗಾಡಿಯ ಸೀಸೆಗೆ ನನ್ನಿಂದಲೇ ಬರೆಸಿದರು. “ನಮ್ಮ ಮಾತಿನ ಮುಖ ಹೆಂಗಿರ್ತದೆ ನೋಡೋಣ, ಬರೀರಿ.” ಬರೆದುಕೊಟ್ಟೆ. ತುಂಬ ಹೊತ್ತು ನೋಡಿ, “ಗುಂಡಗಿದೆ, ಚೆನ್ನಾಗಿದೆ” ಎಂದರು. ಆ ಗೋಡೆಯಲ್ಲಿ ಕನ್ನಡ ಚೀಟಿ ಇದ್ದದ್ದು ನನ್ನ ಸೀಸೆಗಳಿಗೆ ಮಾತ್ರ. ಸಾಲಿನ ಕೊನೆಯಲ್ಲಿ ಚೀಟಿಯೇ ಇಲ್ಲದ ಒಂದು ಸೀಸೆಯಿತ್ತು. ಬಿಸಿಲಿಗೆ ಹಿಡಿದರೂ ಬೆಳಕು ದಾಟದಷ್ಟು ಕಪ್ಪು. “ಇದಕ್ಕೂ ಬರೀಲಾ ಅಣ್ಣ?” ಎಂದು ಕೇಳಿದ್ದೆ. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಮತ್ತೆ ಅದರ ಜಾಗದಲ್ಲಿಟ್ಟು, “ಅದಕ್ಕೆ ಬೇಡ” ಎಂದರು.

ಎಣ್ಣೆ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಎಂಬ ವಿಷಯಕ್ಕೆ ನಮ್ಮ ಮನೆಯಲ್ಲಿ ಆದಷ್ಟು ಜಗಳ ಮಗಳ ಮದುವೆಗೂ ಆಗಿಲ್ಲ. ಯಜಮಾನರ ಲೆಕ್ಕ ಕಿಲೋಮೀಟರಿನದು. ಪುಸ್ತಕದಲ್ಲಿ ಹತ್ತು ಸಾವಿರ ಎಂದಿದೆ, ನಾವು ಓಡಿಸಿರುವುದು ಎರಡು ಸಾವಿರ, ಮತ್ತೇಕೆ ಅವಸರ? ಅಣ್ಣ ಇದಕ್ಕೆ ಉತ್ತರ ಹೇಳುತ್ತಿದ್ದದ್ದು ಯಾವಾಗಲೂ ನನಗೆ, ಆದರೆ ಯಜಮಾನರಿಗೆ ಕೇಳಿಸುವ ಹಾಗೆ.

“ಅದೇ ಪುಸ್ತಕದಲ್ಲಿ ಕೆಳಗೆ ಇನ್ನೊಂದು ಸಾಲು ಇರ್ತದೆ ಅಮ್ಮಿಣಿ. ಇಷ್ಟು ಕಿಲೋಮೀಟರು, ಇಲ್ಲಾ ಇಷ್ಟು ತಿಂಗಳು, ಯಾವುದು ಮೊದಲು ಬರ್ತದೋ ಅದು ಅಂತ. ಅದನ್ನ ಯಾರೂ ಓದಲ್ಲ. ದೂರ ಓಡೋ ವಂಡಿಗೆ ಕಿಲೋಮೀಟರು ನೋಡು. ಓಡದೇ ಇರೋ ವಂಡಿಗೆ ತಿಂಗಳು ನೋಡು. ನಿಮ್ದು ದಿನಾ ಒಂದೂವರೆ ಮೈಲಿ ಹೋಗಿ ನಿಲ್ತದೆ. ಇಂಜಿನ್ನಿಗೆ ಮೈ ಬಿಸಿ ಆಗೋ ಮುಂಚೆ ಕೀ ತಿರುಗಿಸ್ತೀರಿ. ಒಳಗಿನ ನೀರಿನ ಪಸೆ ಆರೋದೇ ಇಲ್ಲ. ಇಲ್ನೋಡಿ.”

ಎಣ್ಣೆ ಹುಯ್ಯುವ ಬಾಯಿಯ ಮುಚ್ಚಳ ತಿರುಗಿಸಿ ಅಂಗಾತ ಹಿಡಿದರು. ಒಳಗೆ ಕಂದು ಹಳದಿಯ ಜಿಡ್ಡು, ಕೆಟ್ಟ ಬೆಣ್ಣೆಯ ಹಾಗೆ.

“ಇದು ಕೆಳಗಿಳಿದು ಎಣ್ಣೆ ಹೀರೋ ಜಾಲರಿ ಮುಚ್ಕೊಂಡ್ರೆ ಮುಗೀತು. ಮೊದಲಿದ್ದೋರು ಹೆಂಗೆ ಇಟ್ಕೊಂಡಿದ್ರೋ ಗೊತ್ತಿಲ್ಲ. ನಿಮ್ಮ ವಂಡಿಗೆ ಆರು ತಿಂಗಳು. ಒಂದು ದಿನಾನೂ ಮೇಲಿಲ್ಲ.”

ನಾನು ದಿನದ ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ಹಾಲು, ಗ್ಯಾಸು, ಮಗ್ಗಕ್ಕೆ ನೂಲು ಬಂದ ದಿನ ಎಲ್ಲ ಬರೆದಿಡುವವಳು. ಎಣ್ಣೆಯ ದಿನವನ್ನೂ ಬರೆಯುತ್ತಿದ್ದೆ. ಬರೆದರೆ ಆಯಿತೇ? ಮಗ್ಗದ ಕೆಲಸದಿಂದ ನಮಗೆ ಬಿಡುವಿರುವುದು ಶನಿವಾರ, ಭಾನುವಾರ. ಭಾನುವಾರ ಅಣ್ಣನ ಶೆಡ್ಡಿಗೆ ರಜ. ಶನಿವಾರ ಎಂದರೆ ನಮ್ಮ ಅತ್ತೆ ಬಾಗಿಲಿಗೆ ಅಡ್ಡ ಕೂರುತ್ತಿದ್ದರು. ಶನಿವಾರ ಎಣ್ಣೆ ಕೊಳ್ಳಬಾರದು, ಮನೆಗೆ ತರಬಾರದು. ತಂದರೆ ಶನಿಯನ್ನು ಕೈಹಿಡಿದು ಕರೆತಂದ ಹಾಗೆ. ಎಳ್ಳೆಣ್ಣೆಗೆ ಇದ್ದ ಈ ನಿಯಮ ಕಡಲೆ ಎಣ್ಣೆಗೂ ಬಂದು, ಕೊನೆಗೆ ಕಾರಿನ ಹೊಟ್ಟೆಯೊಳಗಿನ ಎಣ್ಣೆಗೂ ಬಂತು. “ಅದು ಅಡುಗೆ ಎಣ್ಣೆ ಅಲ್ಲ ಅತ್ತೆ” ಎಂದು ನಾನೊಮ್ಮೆ ಹೇಳಿದ್ದಕ್ಕೆ, “ದೀಪಕ್ಕೆ ಹಾಕೋದೂ ಅಡುಗೆಗಲ್ಲ. ಎಣ್ಣೆ ಅಂದ್ರೆ ಎಣ್ಣೆ” ಎಂದುಬಿಟ್ಟರು. ಹೀಗೆ ಒಂದು ಆರು ತಿಂಗಳು ತಪ್ಪಿತು. ಇನ್ನೊಂದೂ ತಪ್ಪಿತು.

ವಿಚಿತ್ರವೆಂದರೆ ಅಣ್ಣ ಶನಿವಾರ ಎಣ್ಣೆಯ ಕೆಲಸ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಬ್ರೇಕು, ಕ್ಲಚ್ಚು ಎಂದು ಯಾರು ಬಂದರೂ ಸೋಮವಾರ ಬನ್ನಿ. ಎಣ್ಣೆಯೆಂದರೆ ತಕ್ಷಣ. ನಮ್ಮವರಲ್ಲೇ ಕೆಲವರು ಇದಕ್ಕಾಗಿ ಅವರನ್ನು ಬಿಟ್ಟಿದ್ದರು. “ಶನಿ ಮೆಕ್ಯಾನಿಕ್” ಎಂದು ಹೆಸರಿಟ್ಟಿದ್ದರು.

ಆ ವರ್ಷ ನನ್ನ ಮಗಳು ಎರಡನೆಯದಕ್ಕೆ ಬಸುರಿ. ಮೊದಲ ಹೆರಿಗೆ ನಮ್ಮಲ್ಲಿ ಆಗಿತ್ತು. ರಕ್ತ ನಿಲ್ಲದೆ ತುಂಬ ಕಷ್ಟವಾಗಿತ್ತು. ಎರಡನೆಯದು ಅತ್ತೆಮನೆಯಲ್ಲಿ ಎಂಬ ವಾಡಿಕೆಯಂತೆ ಅವಳು ತೊಂಡಾಮುತ್ತೂರಿನಾಚೆ, ಬೆಟ್ಟದ ಬುಡದ ತೋಟದ ಮನೆಯಲ್ಲಿದ್ದಳು. ಅವರಿಗೆ ಆಗ ಕಾರಿರಲಿಲ್ಲ. ಈ ಸಲ ನೋವು ಶುರುವಾದರೆ ಒಂದು ನಿಮಿಷವೂ ಕಾಯಬೇಡಿ, ನೇರ ಕರೆದುಕೊಂಡು ಬನ್ನಿ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. “ಫೋನ್ ಮಾಡು, ಹಾರಿ ಬರ್ತೀವಿ” ಎಂದು ನಾನು ಮಗಳಿಗೆ ಮಾತು ಕೊಟ್ಟಿದ್ದೆ.

ಒಂಬತ್ತು ತುಂಬುವ ವಾರದ ಶನಿವಾರ, ಮನಸ್ಸು ತಡೆಯದೆ, ಸುಮ್ಮನೆ ಒಂದು ಸಲ ನೋಡಿಬಿಡಿ ಎಂದು ಗಾಡಿಯನ್ನು ಶೆಡ್ಡಿಗೆ ಒಯ್ದೆ. ಅಣ್ಣ ಕಡ್ಡಿ ಎಳೆದರು. ಉಜ್ಜಿದರು. ಮೂಸಿದರು. ನನ್ನ ಮುಖ ನೋಡಿದರು.

“ಇವತ್ತೇ.”

“ಸೋಮವಾರ ಬೆಳಿಗ್ಗೆ ಮೊದಲ ಗಾಡಿ ನಮ್ದೇ ಅಣ್ಣ. ಮನೇಲಿ ಅತ್ತೆ...”

“ಮಗಳಿಗೆ ಎಷ್ಟನೇ ತಿಂಗಳು ಅಂದ್ರಿ?”

“ತುಂಬ್ತಾ ಇದೆ.”

ಅವರು ಒಳಗೆ ಹೋದರು. ಚೀಟಿಯಿಲ್ಲದ ಆ ಸೀಸೆಯನ್ನು ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಹತ್ತು ವರ್ಷದಲ್ಲಿ ಅವರು ನನ್ನ ಕೈ ಮುಟ್ಟಿದ್ದು ಅದೊಂದೇ ಸಲ.

“ನನ್ನ ತಮ್ಮನ ವಂಡೀದು ಇದು. ತೋಟದ ತರಕಾರಿ ಹೊಡೀತಿದ್ದ. ಒಂದು ಶನಿವಾರ ಬಂದ. ನೋಡಿದೆ, ಎಣ್ಣೆ ಡಾಂಬರಾಗಿತ್ತು. ನಮ್ಮವ್ವನೂ ನಿಮ್ಮತ್ತೆ ಹಂಗೇ. ಶನಿವಾರ ಎಣ್ಣೆ ಬೇಡ ಅಂದ್ಲು. ಅವನು ನನ್ನ ಮುಖ ನೋಡಿದ. ಪರವಾಗಿಲ್ಲ, ಸೋಮವಾರ ನೋಡೋಣ ಅಂದೆ. ಅವನಲ್ಲ ಅಮ್ಮಿಣಿ, ನಾನಂದೆ. ಭಾನುವಾರ ಪಾಲಕ್ಕಾಡಿನ ದಾರೀಲಿ ಮದುಕ್ಕರೈ ದಾಟೋ ಹೊತ್ತಿಗೆ ಇಂಜಿನ್ ಹಿಡ್ಕೊಂಡ್ತು. ನಡುರೋಡು. ಏನಾಯ್ತು ಅಂತ ಇಳಿದು ಬಾನೆಟ್ ಎತ್ತಿದಾನೆ. ಹಿಂದಿನಿಂದ ಲಾರಿ ಬಂದು ವಂಡೀನ ಅವನ ಮೇಲೇ ತಳ್ತು.”

ಸೀಸೆಯನ್ನು ಅವರ ಕೈಗೆ ಹಿಂದಿರುಗಿಸಿದೆ. ಪಕ್ಕದ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ನು ಕೂಗುತ್ತಿತ್ತು. ಆಗಲೇ “ಮಾಡಿ ಅಣ್ಣ” ಎಂದಿದ್ದರೆ ಮುಕ್ಕಾಲು ಗಂಟೆಯ ಕೆಲಸ. ನಾನು ಅಂದದ್ದೇ ಬೇರೆ: “ಮನೇಲಿ ಒಂದು ಮಾತು ಕೇಳ್ಕೊಂಡು ಬಂದ್ಬಿಡ್ತೀನಿ.” ಇಪ್ಪತ್ತೈದು ವರ್ಷ ಒಂದು ಮನೆಯ ಸೊಸೆಯಾಗಿದ್ದವಳ ಬಾಯಿಗೆ ಆ ಮಾತು ತಾನೇ ಬರುತ್ತದೆ.

ಅವರು ವಾದ ಮಾಡಲಿಲ್ಲ. “ನಾಳೆ ನಾನು ಊರಲ್ಲೇ ಇರ್ತೀನಿ. ಫೋನ್ ಕಿಸೇಲೇ ಇರ್ತದೆ” ಎಂದರು.

ಮನೆಯಲ್ಲಿ ಅತ್ತೆ ನನ್ನನ್ನೇ ದಿಟ್ಟಿಸಿದರು. “ಮಗಳ ಹೆರಿಗೆ ಎದುರಿಗೆ ಇಟ್ಕೊಂಡು ಶನಿವಾರ ಎಣ್ಣೆ ತರ್ತೀಯಾ? ನಿಂಗೆ ಮಗಳು ಬೇಕೋ ಬೇಡವೋ?” ನಾನು ಯಾವ ಮಗಳಿಗಾಗಿ ಎಣ್ಣೆ ಬೇಕು ಎನ್ನುತ್ತಿದ್ದೆನೋ ಅದೇ ಮಗಳಿಗಾಗಿ ಅವರು ಬೇಡ ಎನ್ನುತ್ತಿದ್ದರು. ಯಜಮಾನರು, “ಒಂದು ದಿನದಲ್ಲಿ ಏನಾಗುತ್ತೆ ಬಿಡೇ” ಎಂದರು.

ಭಾನುವಾರ ಹತ್ತು ಗಂಟೆಗೆ ಫೋನ್ ಬಂತು.

ಯಜಮಾನರು ಓಡಿಸಿದರು. ಹೋಗುವಾಗಲೇ ಸ್ಟೀರಿಂಗಿನ ಹಿಂದೆ ಎಣ್ಣೆ ಗಿಂಡಿಯ ಗುರುತಿನ ಕೆಂಪು ದೀಪ ಎರಡು ತಿರುವುಗಳಲ್ಲಿ ಮಿನುಗಿ ಆರಿತು. “ಸೆನ್ಸರ್ ಇರಬೇಕು” ಎಂದರು. ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆವು. ಅಳಿಯ ಮುಂದೆ ಕುಳಿತಿದ್ದ. ಅಡಿಕೆ, ತೆಂಗಿನ ತೋಟಗಳು ಎರಡೂ ಕಡೆ ಓಡುತ್ತಿದ್ದವು. ಎಲ್ಲೋ ಟಕ ಟಕ ಟಕ ಎಂದು ಸದ್ದು ಶುರುವಾಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಸದ್ದು ನನಗೂ ಯಜಮಾನರಿಗೂ ಇಬ್ಬರಿಗೂ ಕೇಳಿಸಿತ್ತು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿ ನಮ್ಮದು. ಆ ತಾಳ ಕೇಳಿದರೆ ನಮಗೆ ಭಯವಾಗುವುದಿಲ್ಲ, ಎಲ್ಲ ಸರಿಯಾಗಿ ನಡೆಯುತ್ತಿದೆ ಎನಿಸುತ್ತದೆ. ನಿಂತರೆ ಮಾತ್ರ ತಲೆಯೆತ್ತಿ ನೋಡುತ್ತೇವೆ. ಮಗಳು ನೋವಿನ ನಡುವೆ ಕಣ್ಣು ಬಿಟ್ಟು ಕೇಳಿದಳು: “ಅಮ್ಮಾ, ಇಲ್ಲೂ ಮಗ್ಗ ಓಡ್ತಿದೆಯಾ?”

ಆಗಲೇ ನನಗೆ ಹೊಳೆದದ್ದು, ಅದು ನಮ್ಮ ಇಂಜಿನ್ನಿನ ಸದ್ದು.

ಸದ್ದು ನಿಂತಿತು. ಒಂದು ಎಳೆತ, ಸುಟ್ಟ ವಾಸನೆ. ಗಾಡಿ ರಸ್ತೆಯ ನಡುವೆ ಕಲ್ಲಿನಂತೆ ನಿಂತಿತು.

ಫೋನಿನಲ್ಲಿ ಅಣ್ಣ ಹಲೋ ಎನ್ನಲಿಲ್ಲ. “ಎಲ್ಲಿ?” ಎಂದರು. ಹೇಳಿದೆ. ಮರುಗಳಿಗೆ ಅವರ ದನಿ ಒಡೆದುಹೋಯಿತು. “ಬಾನೆಟ್ ಎತ್ತಬೇಡಿ! ವಂಡಿ ಮುಂದೆ ಯಾರೂ ನಿಲ್ಬೇಡಿ! ಮಗಳನ್ನ ಇಳಿಸ್ಕೊಂಡು ದೂರ ಹೋಗಿ, ರೋಡಿಂದ ಕೆಳಗೆ ಹೋಗಿ!”

ತಲೆಯೆತ್ತಿದರೆ ಯಜಮಾನರು ಆಗಲೇ ಬಾನೆಟ್ ಎತ್ತಿ ಅದರೊಳಗೆ ಬಗ್ಗಿದ್ದರು. ನಾನು ಹೋಗಿ ಅಂಗಿ ಹಿಡಿದು ಎಳೆದ ರಭಸಕ್ಕೆ ಹೆಗಲ ಹೊಲಿಗೆ ಕಿತ್ತುಬಂತು. ಅಳಿಯ ಮಗಳನ್ನು ಎತ್ತಿಕೊಂಡ. ಒಂದು ಹುಣಸೆ ಮರದ ಕೆಳಗೆ ಕುಳಿತೆವು. ಎರಡು ಬಸ್ಸು, ಒಂದು ತೆಂಗಿನಕಾಯಿ ಲಾರಿ ನಮ್ಮ ಗಾಡಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹಾರ್ನ್ ಹೊಡೆಯುತ್ತಾ ಹೋದವು. ಒಂದೊಂದು ಸಲವೂ ಯಜಮಾನರು ತಮ್ಮ ಹರಿದ ಹೆಗಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅಣ್ಣ ವ್ಯಾನಿನಲ್ಲಿ ಬಂದರು. ಅಂಗಿಯ ಗುಂಡಿ ಹಾಕಿರಲಿಲ್ಲ. ಹಿಂದುಗಡೆ ಹಾಸಿಗೆ ಹಾಸಿಕೊಂಡೇ ಬಂದಿದ್ದರು. ಅದು ಬೆಳಿಗ್ಗೆಯಿಂದಲೂ ಹಾಸಿಯೇ ಇತ್ತು ಎಂದು ಅವರ ಹೆಂಡತಿ ಆಮೇಲೆ ಹೇಳಿದರು. ದಾರಿಯುದ್ದಕ್ಕೂ ಅವರು ಮಗಳಿಗೆ ಆಡಿದ್ದು ಒಂದೇ ಮಾತು: “ತಡ್ಕೋ ಕಂದಾ, ಆಸ್ಪತ್ರೆ ಬಂತು.” ಆಸ್ಪತ್ರೆಯಲ್ಲಿ ಡಾಕ್ಟರಮ್ಮ, “ಇಷ್ಟು ಹೊತ್ತು ಎಲ್ಲಿದ್ದಿರಿ?” ಎಂದು ಕೇಳಿದರು. ಮಗು ಉಳಿಯಿತು. ಮಗಳೂ ಉಳಿದಳು, ನಾಲ್ಕು ಬಾಟ್ಲಿ ರಕ್ತ ಹಾಕಿಸಿಕೊಂಡು.

ಅಣ್ಣ ಆಮೇಲೆ ಇಂಜಿನ್ ಬಿಚ್ಚಿದರು. “ಹೇಳಿದ್ನಲ್ಲಾ” ಎಂದು ಅನ್ನಬಹುದಿತ್ತು. ಅನ್ನಲಿಲ್ಲ. ಒಳಗೆ ಉಳಿದಿದ್ದ ಎಣ್ಣೆಯಲ್ಲಿ ಒಂದು ಸೀಸೆ ಹಿಡಿದು ನನ್ನ ಮುಂದಿಟ್ಟು, “ಬರೀರಿ” ಎಂದರು. ದಿನ ಬರೆದೆ. ಅಕ್ಷರ ಗುಂಡಗೆ ಬರಲಿಲ್ಲ. ಅದನ್ನು ಅವರು ತಮ್ಮನ ಸೀಸೆಯ ಪಕ್ಕದಲ್ಲಿಟ್ಟರು. ನಮ್ಮ ಅತ್ತೆ ಆ ದಿನದಿಂದ ಕಾರಿನ ಎಣ್ಣೆಯ ಮಾತೆತ್ತಿಲ್ಲ. ಎಳ್ಳೆಣ್ಣೆ ಮಾತ್ರ ಇಂದಿಗೂ ಶನಿವಾರ ಒಳಗೆ ಬರುವಂತಿಲ್ಲ.

ಹೋದ ವಾರ ಅವರ ಹೆಂಡತಿ ಶೆಡ್ಡು ಖಾಲಿ ಮಾಡುತ್ತಿದ್ದರು. ಸೀಸೆಗಳನ್ನೆಲ್ಲ ಗೋಣಿಗೆ ತುಂಬಿ ಹಳೇ ಎಣ್ಣೆ ಒಯ್ಯುವವನಿಗೆ ಕೊಡುವ ಏರ್ಪಾಡಾಗಿತ್ತು. ಚೀಟಿಯಿಲ್ಲದ್ದನ್ನು ಎತ್ತಿ ಹಿಡಿದು, “ಇದೊಂದು ಯಾರದೋ ಗೊತ್ತಿಲ್ಲ ಕಣಮ್ಮ. ದಿನಾ ಒರೆಸಿ ಇಡ್ತಿದ್ರು. ಕೇಳಿದ್ರೆ ಹೇಳ್ತಿರಲಿಲ್ಲ” ಎಂದರು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಆಕೆಗೆ ಗೊತ್ತಿರಲಿಲ್ಲ. ಮೈದುನ ಲಾರಿಗೆ ಸಿಕ್ಕಿ ಸತ್ತನೆಂದಷ್ಟೇ ಗೊತ್ತು.

“ನನ್ನದು ಅಕ್ಕ” ಎಂದೆ. ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ನಿನ್ನೆ ಶನಿವಾರ. ಮಗಳು, ಅಳಿಯ, ಇಬ್ಬರು ಮಕ್ಕಳು ನಮ್ಮ ಮನೆಗೆ ಬಂದಿದ್ದರು. ಅಳಿಯನಿಗೆ ಈಗ ಸ್ವಂತ ಕಾರಿದೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಮಣ್ಣಿನ ದಾರಿಯಲ್ಲಿ ಅದರ ಓಡಾಟ. ಕಾಫಿ ಮುಗಿಸಿ, ಮಧ್ಯಾಹ್ನದೊಳಗೆ ಪಾಲಕ್ಕಾಡಿನ ಮದುವೆಮನೆ ಸೇರಬೇಕೆಂದು ಅವಸರ ಮಾಡುತ್ತಿದ್ದ. ಮದುಕ್ಕರೈ ದಾಟಿಯೇ ಹೋಗಬೇಕು. ಮಕ್ಕಳು ಆಗಲೇ ಹಿಂದಿನ ಸೀಟಿನಲ್ಲಿ ಕಿಟಕಿಗಾಗಿ ಜಗಳವಾಡುತ್ತಿದ್ದರು. ನಾನು ಬಾನೆಟ್ ಎತ್ತಿಸಿದೆ. ಕಡ್ಡಿ ಎಳೆದೆ. ಗೆರೆಗಿಂತ ಎಷ್ಟೋ ಕೆಳಗೆ, ಒಂದು ಹನಿ. ಬೆರಳ ನಡುವೆ ಉಜ್ಜಿದಾಗ ನುಣ್ಣಗಿರಲಿಲ್ಲ, ಮರಳಿನ ಹಾಗೆ ಕಚ್ಚಿತು. ಸುಟ್ಟ ನೂಲಿನ ವಾಸನೆ.

“ಎಣ್ಣೆ ಯಾವಾಗ ಬದಲಾಯಿಸಿದ್ದು ಮಾಪ್ಳೆ?” ಎಂದು ಅಳಿಯನನ್ನು ಕೇಳಿದೆ.

“ಅಯ್ಯೋ ಅತ್ತೆ, ಈಗಿನ ಗಾಡಿಗೆ ಸ್ಕ್ರೀನೇ ಹೇಳುತ್ತೆ. ಇನ್ನೂ ಮೂರು ಸಾವಿರ ಕಿಲೋಮೀಟರ್ ಇದೆ ಅಂತ ತೋರಿಸ್ತಿದೆ.”

“ತಿಂಗಳೆಷ್ಟಾಯ್ತು ಅಂತ ಕೇಳ್ದೆ.”

ಅವನು ಮಗಳ ಕಡೆ ನೋಡಿದ. ಅವಳು ಲೆಕ್ಕ ಹಾಕಿ, “ಚಿಕ್ಕವನ ಹುಟ್ಟುಹಬ್ಬಕ್ಕೆ ಮುಂಚೆ... ಹೋದ ವರ್ಷದ್ದು” ಎಂದಳು.

ಅಳಿಯ ಗಡಿಯಾರ ನೋಡಿಕೊಂಡು ನಕ್ಕ. “ಪರವಾಗಿಲ್ಲ ಅತ್ತೆ. ಸೋಮವಾರ ನೋಡೋಣ.”

ಯಜಮಾನರ ಕೈ ತಾನಾಗಿ ಹೆಗಲಿಗೆ ಹೋದದ್ದನ್ನು ನಾನು ನೋಡಿದೆ. ಜಗಲಿಯಲ್ಲಿ ಕುಳಿತ ಅತ್ತೆ ಜಪದ ಮಣಿ ತಿರುಗಿಸುವುದನ್ನು ನಿಲ್ಲಿಸಿದರು. “ಶನಿವಾರ” ಎಂಬ ಮಾತು ಅವರ ತುಟಿಯವರೆಗೆ ಬಂದು ನಿಂತಿತ್ತು. ಹೊರಗೆ ಬರಲಿಲ್ಲ.

ನಾನು ಬಗ್ಗಿ, ಸ್ಟೀರಿಂಗಿನ ಪಕ್ಕದಿಂದ ಕೀ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ದೇವರ ಕೋಣೆಯ ಗೂಡಿನಿಂದ ಸೀಸೆ ತಂದು ಅಳಿಯನ ಅಂಗೈಯಲ್ಲಿಟ್ಟೆ. ಒಂದೊಂದೇ ಬೆರಳು ಮಡಚಿದೆ.

“ಏನತ್ತೆ ಇದು? ಹೆಸರೇ ಇಲ್ಲ?”

“ಕೂತ್ಕೊಳಿ, ಹೇಳ್ತೀನಿ. ಎಣ್ಣೆ ಇವತ್ತೇ” ಎಂದೆ.